ಅಜ್ಜಿಯ ಸ್ಕೋರ್ ಪುಸ್ತಕ

ಪಿಟ್ಸ್‌ಬರ್ಗ್‌ನ ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಐವಿ ಬಳ್ಳಿ ಹಬ್ಬಿದ ಒಂದು ಹಳೆಯ ಇಟ್ಟಿಗೆ ಗೋಡೆ ಇದೆ. ಪ್ರತಿ ವರ್ಷ ಅಕ್ಟೋಬರ್ 13ರ ಮಧ್ಯಾಹ್ನ ಅದರ ಮುಂದೆ ಜನ ಸೇರುತ್ತಾರೆ. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಚಳಿಗೆ ಒಂದು ಕಂಬಳಿ, ಎಲ್ಲ ತಯಾರಿ ಮಾಡಿಕೊಂಡೇ ಬಂದಿರುತ್ತಾರೆ. ಒಂದು ಗಂಟೆ ಹೊತ್ತಿಗೆ 1960ರ ರೇಡಿಯೋ ಕಾಮೆಂಟರಿಯ ಟೇಪು ಹಾಕುತ್ತಾರೆ. ಯಾರು ಗೆದ್ದರು, ಯಾರ ಹೊಡೆತ ಎಲ್ಲಿ ಬಿತ್ತು ಎಂಬುದು ಅಲ್ಲಿರುವ ಎಲ್ಲರಿಗೂ ಬಾಯಿಪಾಠ. ಆದರೂ ಮೂರು ಗಂಟೆ ಮೂವತ್ತಾರು ನಿಮಿಷ ಹತ್ತಿರ ಬಂದಂತೆ ಮಾತು ನಿಲ್ಲುತ್ತದೆ.

ಫೋರ್ಬ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಉಳಿದಿರುವುದರಲ್ಲಿ ಮುಖ್ಯವಾದವು ಆ ಗೋಡೆಯ ತುಂಡು ಮತ್ತು ಒಂದು ಹೋಮ್ ಪ್ಲೇಟ್. ಹೋಮ್ ಪ್ಲೇಟನ್ನು ಪಕ್ಕದ ವಿಶ್ವವಿದ್ಯಾಲಯದ ಕಟ್ಟಡದೊಳಗೆ, ನೆಲದಲ್ಲಿ ಗಾಜಿನಡಿ ಇಟ್ಟಿದ್ದಾರೆ. ವಿದ್ಯಾರ್ಥಿಗಳು ಅದರ ಮೇಲೆಯೇ ಓಡಾಡುತ್ತಾರೆ. ನಾನು ಈ ಊರಿಗೆ ಬಂದು ನಲವತ್ತು ವರ್ಷದ ಮೇಲಾಯಿತು. ಗೋಡೆಯ ಮುಂದೆ ಇನಿಂಗ್ಸ್ ಇನಿಂಗ್ಸ್ ನಡುವೆ ಏಳುವ ಜಗಳ ಮಾತ್ರ ಒಂದೇ: ಊರಿನ ಬೇಸ್‌ಬಾಲ್ ತಂಡ ಪೈರೇಟ್ಸ್ ಗೆದ್ದಿರುವ ವರ್ಲ್ಡ್ ಸೀರೀಸ್ ಐದು, 1909, 1925, 1960, 1971, 1979. ಈ ಐದರಲ್ಲಿ ಎಲ್ಲಕ್ಕಿಂತ ದೊಡ್ಡ ತಂಡ ಯಾವುದು? 1925ರ ಪರ ವಾದಿಸುವವರು ಯಾರೂ ಉಳಿದಿಲ್ಲ. ವಾಲ್ಟರ್ ಜಾನ್ಸನ್‌ನಂಥ ಪಿಚರನ್ನು ಮಳೆಯಲ್ಲಿ ಬಡಿದು ಗೆದ್ದ ಅದೂ ಒಳ್ಳೆಯ ತಂಡವೇ. ಆದರೆ ಕಣ್ಣಾರೆ ಕಂಡವರು ಹೋದ ಮೇಲೆ ಪಕ್ಷ ವಹಿಸುವವರೂ ಹೋದರು.

ನನ್ನ ತೀರ್ಮಾನ ಮುಂದೆ ಹೇಳುತ್ತೇನೆ. ಅದು ನನ್ನ ಮೊದಲ ತೀರ್ಮಾನವಲ್ಲ. ಮೊದಲಿನದು ಬಿಟ್ಟು ಇದಕ್ಕೆ ಬರಲು ನನಗೆ ಹದಿನೈದು ವರ್ಷ ಹಿಡಿಯಿತು.

ನಾನು ಹುಟ್ಟಿದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಕ್ಕಿದ್ದರು. ಮೂರನೇ ಪಾಳಿಗೆ ಹೋದ ದಿನ ರಾತ್ರಿ ಆಕಾಶ ಕೆಂಪಾದರೆ ಅಪ್ಪ ಅಲ್ಲಿದ್ದಾರೆ ಎಂದು ಅಮ್ಮ ತೋರಿಸುತ್ತಿದ್ದಳು. ಮದುವೆಯಾಗಿ 1979ರ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ಗೆ ಬಂದೆ. ಗ್ರೀನ್‌ಫೀಲ್ಡ್ ಗುಡ್ಡದ ಮೇಲೆ ಬಾಡಿಗೆಗೆ ಎರಡು ಕೋಣೆ. ಮೊದಲ ರಾತ್ರಿ ನಿದ್ದೆ ಬರದೆ ಕಿಟಕಿ ತೆರೆದರೆ ಕೆಳಗೆ ಮೊನೊಂಗಹೇಲಾ ನದಿ, ಅದರ ದಂಡೆಯಲ್ಲಿ ಹೇಜಲ್‌ವುಡ್‌ನ ಕೋಕ್ ಓವನ್ನುಗಳು, ಮೇಲೆ ಅದೇ ಕೆಂಪು ಆಕಾಶ. ತವರು ನೆನಪಾಗಿ ಅತ್ತೆ. ಮನಸ್ಸಿಗೆ ಧೈರ್ಯ ಬಂದದ್ದೂ ಅದನ್ನು ನೋಡಿಯೇ.

ಪಕ್ಕದ ಮನೆಯಲ್ಲಿ ಸ್ಲೋವಾಕ್ ಮೂಲದ ಒಬ್ಬ ವಿಧವೆ ಇದ್ದಳು. ಗಂಡ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡಿದ್ದ. ಅಜ್ಜಿ ಅಂದರೆ ಏನೆಂದು ಒಮ್ಮೆ ಹೇಳಿಕೊಟ್ಟ ಮೇಲೆ ನಾನು ಬೇರೆ ಹೆಸರಿನಿಂದ ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಸಂಜೆಯಾದರೆ ಜಗಲಿಯ ಮೇಲೆ ರೇಡಿಯೋ ಇಟ್ಟುಕೊಂಡು ತೊಡೆಯ ಮೇಲೆ ಸುರುಳಿ ತಂತಿಯ ಪುಸ್ತಕ ತೆರೆದು ಕೂರುತ್ತಿದ್ದಳು. ಮನೆ ಲೆಕ್ಕ ಬರೆಯುತ್ತಾಳೆ ಅಂದುಕೊಂಡಿದ್ದೆ. ಅದು ಆಟದ ಲೆಕ್ಕ.

ಬೇಸ್‌ಬಾಲಿನಲ್ಲಿ ಪ್ರತಿ ಜಾಗಕ್ಕೂ ಒಂದು ಸಂಖ್ಯೆ. ಪಿಚರ್ 1, ಕ್ಯಾಚರ್ 2, ಮೊದಲ ಬೇಸು 3, ಎರಡನೆಯದು 4, ಮೂರನೆಯದು 5, ಶಾರ್ಟ್‌ಸ್ಟಾಪ್ 6, ಎಡ, ನಡು, ಬಲ ಔಟ್‌ಫೀಲ್ಡುಗಳಿಗೆ 7, 8, 9. ಚೆಂಡು ಶಾರ್ಟ್‌ಸ್ಟಾಪಿನ ಕೈಸೇರಿ, ಎರಡನೇ ಬೇಸಿಗೆ ಹೋಗಿ, ಮೊದಲನೆಯದಕ್ಕೆ ಬಂದು ಇಬ್ಬರು ಔಟಾದರೆ 6-4-3 ಎಂದು ಗುರುತು. ಯಾರಾದರೂ ಮೂರು ಸ್ಟ್ರೈಕಿಗೆ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಇಂಗ್ಲಿಷ್ ಮಾತು ಇನ್ನೂ ತಡವರಿಸುತ್ತಿದ್ದ ನನಗೆ ಈ ಅಂಕಿಗಳ ಭಾಷೆ ಒಂದೇ ವಾರದಲ್ಲಿ ಬಂತು. ರೇಡಿಯೋದವನು ಹೇಳುವುದು ಅರ್ಥವಾಗದಿದ್ದರೆ ಅಜ್ಜಿಯ ಪೆನ್ಸಿಲ್ ನೋಡುತ್ತಿದ್ದೆ.

ನಾನು ಬಂದ ವರ್ಷವೇ ತಂಡ ಗೆದ್ದಿತು. ಮೂವತ್ತೊಂಬತ್ತರ ವಿಲ್ಲಿ ಸ್ಟಾರ್ಜೆಲ್‌ನನ್ನು ಆಟಗಾರರೆಲ್ಲ ಪಾಪ್ಸ್, ಅಂದರೆ ಅಪ್ಪ ಎಂದೇ ಕರೆಯುತ್ತಿದ್ದರು. ಚೆನ್ನಾಗಿ ಆಡಿದವರಿಗೆ ಅವನು ಚಿನ್ನದ ಬಣ್ಣದ ಬಟ್ಟೆಯ ನಕ್ಷತ್ರ ಕೊಡುತ್ತಿದ್ದ. ದೊಡ್ಡ ದೊಡ್ಡ ಗಂಡಸರು ಶಾಲೆಯ ಮಕ್ಕಳ ಹಾಗೆ ಅದನ್ನು ಟೋಪಿಗೆ ಹೊಲಿದುಕೊಳ್ಳುತ್ತಿದ್ದರು. ಸಿಸ್ಟರ್ ಸ್ಲೆಡ್ಜ್ ಹಾಡಿದ 'ವಿ ಆರ್ ಫ್ಯಾಮಿಲಿ' ಆ ಬೇಸಿಗೆ ಊರಿನ ಪ್ರತಿ ಅಂಗಡಿಯಲ್ಲೂ ಕೇಳುತ್ತಿತ್ತು. ವರ್ಲ್ಡ್ ಸೀರೀಸಿನಲ್ಲಿ ಬಾಲ್ಟಿಮೋರ್ ವಿರುದ್ಧ ನಾಲ್ಕು ಪಂದ್ಯಗಳಲ್ಲಿ ಮೂರು ಸೋತರು. ಐದನೇ ಪಂದ್ಯದ ಬೆಳಿಗ್ಗೆ ಮ್ಯಾನೇಜರ್ ಚಕ್ ಟ್ಯಾನರ್‌ನ ತಾಯಿ ತೀರಿಕೊಂಡರು. ಅವನು ಆ ದಿನವೂ ಮೈದಾನಕ್ಕೆ ಬಂದ. ಉಳಿದ ಮೂರನ್ನೂ ಗೆದ್ದರು, 7-1, 4-0, 4-1. ಕೊನೆಯ ಪಂದ್ಯದಲ್ಲಿ ಸೋಲುತ್ತಿದ್ದಾಗ ಮುನ್ನಡೆ ತಂದ ಹೋಮ್ ರನ್ ಸ್ಟಾರ್ಜೆಲ್‌ನದು. ಊರಿಗೆ ಹೊಸಬಳಾದ ನನ್ನನ್ನು ಗುರುತು ಪರಿಚಯ ಇಲ್ಲದ ಹೆಂಗಸರು ಬೀದಿಯಲ್ಲಿ ತಬ್ಬಿಕೊಂಡರು. ಇದಕ್ಕಿಂತ ದೊಡ್ಡ ತಂಡ ಇದ್ದೀತು ಎಂದು ನನಗೆ ಆಗ ಯಾರು ಹೇಳಿದ್ದರೂ ಒಪ್ಪುತ್ತಿರಲಿಲ್ಲ.

ಅಜ್ಜಿ ಒಪ್ಪಲಿಲ್ಲ. "ಮಗೂ, ನೀನು ಅರವತ್ತನೇ ಇಸವಿ ನೋಡಿಲ್ಲ" ಅಂದಳು.

1960ರ ಕಥೆ ಕೇಳಿದರೆ ಯಾರಿಗಾದರೂ ಲೆಕ್ಕ ತಪ್ಪಿದೆ ಅನ್ನಿಸುತ್ತದೆ. ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಮಿಕ್ಕಿ ಮ್ಯಾಂಟಲ್, ಯೋಗಿ ಬೆರಾ ಇದ್ದ ತಂಡ. ಏಳು ಪಂದ್ಯಗಳಲ್ಲಿ ಯಾಂಕೀಸ್ ಗಳಿಸಿದ ರನ್ 55, ಪೈರೇಟ್ಸ್ ಗಳಿಸಿದ್ದು 27. ಗೆದ್ದದ್ದು 27 ಗಳಿಸಿದವರು! ಸೋತ ಮೂರು ಪಂದ್ಯಗಳಲ್ಲಿ 16-3, 10-0, 12-0 ಎಂದು ಹಿಗ್ಗಾಮುಗ್ಗಾ ಬಡಿಸಿಕೊಂಡರು. ಗೆದ್ದವುಗಳನ್ನು 6-4, 3-2, 5-2 ಎಂದು ಹೇಗೋ ದಾಟಿಸಿಕೊಂಡರು. ಏಳನೆಯದು ಅಕ್ಟೋಬರ್ 13ರಂದು ಫೋರ್ಬ್ಸ್ ಫೀಲ್ಡಿನಲ್ಲಿ. ಎಂಟನೇ ಇನಿಂಗ್ಸಿನಲ್ಲಿ 7-4ರಿಂದ ಹಿಂದಿದ್ದಾಗ ಬಿಲ್ ವರ್ಡನ್ ಹೊಡೆದ ಸಾಧಾರಣ ಚೆಂಡು ನೆಲಕ್ಕೆ ತಾಗಿ ಪುಟಿದು ಯಾಂಕೀಸ್‌ನ ಟೋನಿ ಕ್ಯೂಬೆಕ್‌ನ ಗಂಟಲಿಗೆ ಬಡಿಯಿತು. ಇಬ್ಬರು ಔಟಾಗಬೇಕಿದ್ದ ಕಡೆ ಒಬ್ಬನೂ ಆಗಲಿಲ್ಲ. ಹ್ಯಾಲ್ ಸ್ಮಿತ್‌ನ ಮೂರು ರನ್ನಿನ ಹೊಡೆತದಿಂದ 9-7. ಯಾಂಕೀಸ್ ಮತ್ತೆ ಸಮ ಮಾಡಿದರು. ಒಂಬತ್ತನೇ ಇನಿಂಗ್ಸಿನ ಎರಡನೇ ಅರ್ಧದಲ್ಲಿ ಮೊದಲು ಬ್ಯಾಟು ಹಿಡಿದು ಬಂದವನು ಬಿಲ್ ಮ್ಯಾಝೆರೋಸ್ಕಿ. ಎರಡನೇ ಬೇಸಿನಲ್ಲಿ ಅವನ ಕೈಚಳಕಕ್ಕೆ ಹೆಸರು, ಬ್ಯಾಟಿಗಲ್ಲ. ರಾಲ್ಫ್ ಟೆರಿ ಎಸೆದ ಎರಡನೇ ಚೆಂಡು ಎಡಗಡೆ ಗೋಡೆ ದಾಟಿತು. 10-9.

ಅಜ್ಜಿ ಆಗ ಬಟ್ಟೆ ಇಸ್ತ್ರಿ ಮಾಡುತ್ತ ರೇಡಿಯೋ ಕೇಳುತ್ತಿದ್ದಳಂತೆ. ಗಂಡನ ಕೆಲಸದ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ತ್ರಿಕೋನ ಹಾಗೆಯೇ ಸುಟ್ಟು ಮೂಡಿತು. ಆ ಅಂಗಿ ಎಸೆಯದೆ ಇಟ್ಟಿದ್ದಳು, ನನಗೂ ತೋರಿಸಿದಳು. ಅಂದಿನ ಪುಟವನ್ನೂ ತೋರಿಸಿದಳು. "ಹುಡುಕು, ಇದರಲ್ಲಿ ಏನು ಇಲ್ಲ ಹೇಳು" ಅಂದಳು. ಬಹಳ ಹೊತ್ತು ನೋಡಿದೆ. ಒಂದೇ ಒಂದು ಕೆ ಇರಲಿಲ್ಲ. ಹತ್ತೊಂಬತ್ತು ರನ್ ಬಂದ ಆ ಪಂದ್ಯದಲ್ಲಿ ಎರಡೂ ಕಡೆ ಒಬ್ಬನೂ ಮೂರು ಸ್ಟ್ರೈಕಿಗೆ ಔಟಾಗಿರಲಿಲ್ಲ. ವರ್ಲ್ಡ್ ಸೀರೀಸಿನ ಇತಿಹಾಸದಲ್ಲಿ ಅಂಥ ಇನ್ನೊಂದು ಪಂದ್ಯ ಇಲ್ಲ.

ತಂಡದ ಪಾಲುದಾರರಲ್ಲಿ ಒಬ್ಬನಾದ ಗಾಯಕ ಬಿಂಗ್ ಕ್ರಾಸ್ಬಿ, ನೋಡಿದರೆ ಎದೆ ಒಡೆದೀತು ಎಂಬ ಭಯಕ್ಕೆ ಪ್ಯಾರಿಸ್‌ಗೆ ಹೋಗಿ ಕುಳಿತಿದ್ದ. ಗೆದ್ದರೆ ಆಮೇಲೆ ನೋಡೋಣ ಎಂದು ಟಿವಿ ಪ್ರಸಾರವನ್ನು ಫಿಲ್ಮಿಗೆ ಹಿಡಿಸಿದ್ದ. ಆ ರೀಲುಗಳು 2009ರಲ್ಲಿ ಅವನ ಮನೆಯ ವೈನ್ ಕೋಣೆಯಲ್ಲಿ ಸಿಕ್ಕವು. ಅಜ್ಜಿ ಇದ್ದಿದ್ದರೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಚೆಂಡು ತಾಳೆ ನೋಡುತ್ತಿದ್ದಳು.

ಹಾಗಿದ್ದರೂ 1960ರದು ದೊಡ್ಡ ಗೆಲುವು, ದೊಡ್ಡ ತಂಡವಲ್ಲ ಎಂದೇ ನನ್ನ ಅಭಿಪ್ರಾಯ. ಕ್ಯೂಬೆಕ್‌ನ ಗಂಟಲಿಗೆ ಚೆಂಡು ಬಡಿಯದಿದ್ದರೆ ಈ ಗೋಡೆಯ ಮುಂದೆ ನಾವ್ಯಾರೂ ಸೇರುತ್ತಿರಲಿಲ್ಲ. ಗೆಲುವಿಗೆ ಅದೃಷ್ಟ ಬೇಕು, ನಿಜ. ತಂಡವನ್ನು ಅಳೆಯುವಾಗ ಅದನ್ನು ಪಕ್ಕಕ್ಕಿಟ್ಟೇ ಅಳೆಯಬೇಕು.

1909ರ ವಕೀಲ ನಮ್ಮ ಮನೆಯಲ್ಲೇ ಬೆಳೆದ. ಮಗನಿಗೆ ಕಂಪ್ಯೂಟರು, ಅಂಕಿ ಅಂಶ, ಇವೇ ಪ್ರಪಂಚ. "ಅಮ್ಮ, ನೀನು ಕಥೆ ಹೇಳ್ತೀಯ. ನಾನು ಲೆಕ್ಕ ಹೇಳ್ತೀನಿ. 110 ಗೆಲುವು, 42 ಸೋಲು. ಪೈರೇಟ್ಸ್ ಅಷ್ಟು ಪಂದ್ಯ ಇನ್ನು ಯಾವತ್ತೂ ಗೆದ್ದಿಲ್ಲ. ಇನ್ನೇನು ಬೇಕು?" ಎಂದು ಅವನ ವಾದ. ಆ ತಂಡದ ಶಾರ್ಟ್‌ಸ್ಟಾಪ್ ಹೋನಸ್ ವ್ಯಾಗ್ನರ್. ಊರಿನ ಪಕ್ಕದ ಕಾರ್ನೆಗಿಯವನು, ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಗೆ ಇಳಿದವನು. ಆ ವರ್ಷ .339 ಸರಾಸರಿಯಲ್ಲಿ ಬ್ಯಾಟಿಂಗ್ ಕಿರೀಟ ಅವನದೇ. ಅದೇ ಜೂನ್ 30ರಂದು ಫೋರ್ಬ್ಸ್ ಫೀಲ್ಡ್ ಬಾಗಿಲು ತೆರೆಯಿತು. ಅಕ್ಟೋಬರ್‌ನಲ್ಲಿ ಡೆಟ್ರಾಯ್ಟ್‌ನ ಟೈ ಕಾಬ್ .231ಕ್ಕೆ ನಿಂತರೆ ವ್ಯಾಗ್ನರ್ .333 ಹೊಡೆದು ಆರು ಬೇಸು ಕದ್ದ. ಬೇಬ್ ಆಡಮ್ಸ್ ಎಂಬ ಹೊಸಬ ಒಬ್ಬನೇ ಮೂರು ಪಂದ್ಯ ಪೂರ್ತಿ ಎಸೆದು ಗೆಲ್ಲಿಸಿದ. ಅದು ಬೇರೆಯೇ ಕಾಲದ ಆಟ. ಆ ವರ್ಷ ಅಮೆರಿಕನ್ ಲೀಗಿನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದ ಕಾಬ್‌ನ ಲೆಕ್ಕ ಒಂಬತ್ತು, ಒಂಬತ್ತೂ ಗೋಡೆ ದಾಟದೆ ಓಡಿಯೇ ಗಳಿಸಿದವು.

ಮಗನ ಲೆಕ್ಕಕ್ಕೆ ನನ್ನಲ್ಲಿ ಬಹಳ ಕಾಲ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಕೆಲಸದ ಜಾಗದಲ್ಲಿ.

ನಾನು ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸಕ್ಕಿದ್ದೆ. ಜೊತೆಗೆ ಹಿಲ್ ಡಿಸ್ಟ್ರಿಕ್ಟಿನ ಒಬ್ಬ ಹಿರಿಯ ಇದ್ದರು, ಕಪ್ಪು ವರ್ಣೀಯರು, ಮಿತಭಾಷಿ. ಒಂದು ದಿನ ಊಟದ ಹೊತ್ತಿನಲ್ಲಿ ಇದೇ ಚರ್ಚೆ ಎದ್ದಿತು. ಎಲ್ಲರೂ ಒಂದೊಂದು ವರ್ಷ ಹೇಳಿ ಮುಗಿಸಿದ ಮೇಲೆ ಅವರು ಡಬ್ಬಿ ಮುಚ್ಚುತ್ತ, "ಈ ಊರಿನ ಅತಿ ದೊಡ್ಡ ತಂಡ ಪೈರೇಟ್ಸ್ ಆಗಿರಲೇ ಇಲ್ಲ. ನಾನು ಎಂಟು ವರ್ಷದವನಾಗಿದ್ದಾಗ ಬೆಡ್‌ಫರ್ಡ್ ಅವೆನ್ಯೂನಲ್ಲಿ ಆಡುತ್ತಿತ್ತು" ಅಂದರು.

ಅವರು ಹೇಳಿದ್ದು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದ ಮಾತು. 1932ರಲ್ಲಿ ಗಸ್ ಗ್ರೀನ್‌ಲೀ ಎಂಬ ಕಪ್ಪು ಮಾಲೀಕ ಹಿಲ್ ಡಿಸ್ಟ್ರಿಕ್ಟಿನಲ್ಲಿ ತನ್ನ ತಂಡಕ್ಕಾಗಿ ಗ್ರೀನ್‌ಲೀ ಫೀಲ್ಡ್ ಕಟ್ಟಿಸಿದ. 1934ರ ತಂಡದಲ್ಲಿ ಸ್ಯಾಚಲ್ ಪೇಜ್, ಜಾಷ್ ಗಿಬ್ಸನ್, ಆಸ್ಕರ್ ಚಾರ್ಲ್ಸ್‌ಟನ್, ಕೂಲ್ ಪಾಪಾ ಬೆಲ್, ಜೂಡಿ ಜಾನ್ಸನ್ ಇದ್ದರು. ಐವರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ನದಿಯ ಆಚೆ ಉಕ್ಕಿನ ಕೆಲಸಗಾರರ ನಡುವೆ ಹುಟ್ಟಿದ ಇನ್ನೊಂದು ತಂಡ ಹೋಮ್‌ಸ್ಟೆಡ್ ಗ್ರೇಸ್, ಪೈರೇಟ್ಸ್ ಬೇರೆ ಊರಿಗೆ ಹೋದಾಗ ಫೋರ್ಬ್ಸ್ ಫೀಲ್ಡಿನಲ್ಲೇ ಆಡುತ್ತಿತ್ತು. ಗಿಬ್ಸನ್ ಆ ತಂಡಕ್ಕೂ ಆಡಿದವನು, ಅಂದರೆ ಅವನು ನಿಂತದ್ದು ಅದೇ ನೆಲದಲ್ಲಿ. ಆದರೆ ಕಪ್ಪು ವರ್ಣೀಯರನ್ನು ಮೇಜರ್ ಲೀಗಿಗೆ ಸೇರಿಸಿಕೊಳ್ಳದ ಕಾಲವದು, ಪೈರೇಟ್ಸ್ ಅಂಗಿ ಅವನಿಗಿಲ್ಲ. 1938ರಲ್ಲಿ ಪೈರೇಟ್ಸ್ ಎರಡೇ ಎರಡು ಪಂದ್ಯದ ಅಂತರದಲ್ಲಿ ಶಿಕಾಗೋ ಕಬ್ಸ್‌ಗೆ ಲೀಗ್ ಕಳೆದುಕೊಂಡರು. ಆ ಬೇಸಿಗೆ ಗಿಬ್ಸನ್ ಇದೇ ಊರಿನಲ್ಲಿ ಗ್ರೇಸ್ ಪರ ಆಡುತ್ತಿದ್ದ. ಆ ಎರಡು ಪಂದ್ಯಕ್ಕೆ ಅವನೊಬ್ಬ ಸಾಕಾಗಿತ್ತು ಎಂದು ಹಿರಿಯರು ಹೇಳಿದಾಗ ಕೋಣೆಯಲ್ಲಿ ಯಾರೂ ಎದುರಾಡಲಿಲ್ಲ. ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರ ಕಣಕ್ಕಿಳಿದು ಆ ವರ್ಣಭೇದದ ಗೋಡೆ ಒಡೆದದ್ದು 1947ರ ಏಪ್ರಿಲ್ 15ರಂದು. ಗಿಬ್ಸನ್ ಅದೇ ವರ್ಷ ಜನವರಿಯಲ್ಲಿ, ಮೂವತ್ತೈದೇ ವಯಸ್ಸಿಗೆ ತೀರಿಕೊಂಡಿದ್ದ. 2024ರಲ್ಲಿ ಕಪ್ಪು ಆಟಗಾರರ ನೀಗ್ರೋ ಲೀಗುಗಳ ಅಂಕಿಗಳನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿಕೊಂಡ ಮೇಲೆ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಹೆಸರು ಅವನದು, .372.

ಆವತ್ತಿನಿಂದ 1909ರ 110 ಗೆಲುವು ನನ್ನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು. ವ್ಯಾಗ್ನರ್ ಮಹಾ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಅವನ ಕಾಲದಲ್ಲೇ ಜಾನ್ ಹೆನ್ರಿ ಲಾಯ್ಡ್ ಎಂಬ ಶಾರ್ಟ್‌ಸ್ಟಾಪನ್ನು ಜನ ಕಪ್ಪು ವ್ಯಾಗ್ನರ್ ಎಂದು ಕರೆಯುತ್ತಿದ್ದರು. ಆ ಹೋಲಿಕೆ ತನಗೆ ಗೌರವ ಎಂದು ವ್ಯಾಗ್ನರ್‌ನೇ ಹೇಳಿಕೊಂಡಿದ್ದ. ಇಬ್ಬರೂ ಒಂದೇ ಲೀಗಿನಲ್ಲಿ ಎದುರುಬದುರು ನಿಂತಿದ್ದರೆ 110 ಎಷ್ಟಾಗಿ ಉಳಿಯುತ್ತಿತ್ತು? ಬಾಗಿಲು ಹಾಕಿಕೊಂಡು ಆಡಿದ ಆಟದ ಲೆಕ್ಕವನ್ನು ಬಾಗಿಲು ತೆರೆದ ಮೇಲಿನ ಲೆಕ್ಕದ ಜೊತೆ ಒಂದೇ ತಕ್ಕಡಿಗೆ ಹಾಕಬಾರದು. ಮಗನಿಗೆ ಇದನ್ನೇ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಸರಿ, ಹಾಗಾದ್ರೆ ಬಾಗಿಲು ಪೂರ್ತಿ ತೆರೆದ ವರ್ಷ ಯಾವುದು?" ಎಂದು ಕೇಳಿದ.

ಪೈರೇಟ್ಸ್ ತಂಡಕ್ಕೆ ಮೊದಲ ಆಫ್ರಿಕನ್ ಅಮೆರಿಕನ್ ಆಟಗಾರ ಕರ್ಟ್ ರಾಬರ್ಟ್ಸ್ ಬಂದದ್ದು 1954ರಲ್ಲಿ. ರಾಬಿನ್ಸನ್ ಬಂದು ಏಳು ವರ್ಷದ ಮೇಲೆ. ತಡವಾಗಿ ತೆರೆದರೂ ಆಮೇಲೆ ಅಗಲವಾಗಿಯೇ ತೆರೆದರು. ಅದೇ ವರ್ಷದ ಕೊನೆಗೆ ಪೋರ್ಟೊ ರಿಕೊದ ರೊಬೆರ್ಟೊ ಕ್ಲೆಮೆಂಟೆಯನ್ನು ಬ್ರೂಕ್ಲಿನ್ ತಂಡದ ಕೈಯಿಂದ ಎತ್ತಿಕೊಂಡರು. ಹೌವಿ ಹಾಕ್ ಎಂಬ ಸ್ಕೌಟ್ ಕೆರಿಬಿಯನ್ ಊರುಗಳನ್ನೆಲ್ಲ ಸುತ್ತಿ ಹುಡುಗರನ್ನು ಹುಡುಕಿ ತಂದ. ಪನಾಮಾದಿಂದ ಮ್ಯಾನಿ ಸ್ಯಾಂಗಿಯೆನ್, ರೆನ್ನಿ ಸ್ಟೆನೆಟ್ ಬಂದರು. 1971ಕ್ಕೆ ಆ ಬೆಳೆ ಒಟ್ಟಿಗೇ ಮಾಗಿತ್ತು.

ಕ್ಲೆಮೆಂಟೆಯ ವಿಷಯ ಬಂದರೆ ನನಗೆ ಬೇಗ ಮುಗಿಸಲು ಬರುವುದಿಲ್ಲ. ಅವನ ಸ್ಪ್ಯಾನಿಷ್ ಹೆಸರನ್ನು ಕಾಮೆಂಟರಿಯವರು ಬಾಬ್ ಎಂದು ಮಾಡಿಬಿಟ್ಟಿದ್ದರು. ಅದು ನನ್ನ ಹೆಸರಲ್ಲ ಎಂದು ಅವನು ತಿದ್ದುತ್ತಲೇ ಇದ್ದ. ನನ್ನ ಹೆಸರಿನ ಅರ್ಧವನ್ನೂ ಈ ಊರು ನುಂಗಿದೆ, ಆ ನೋವು ನನಗೆ ಗೊತ್ತು. 1960ರಲ್ಲಿ ಅಷ್ಟು ಆಡಿದರೂ ಲೀಗಿನ ಅತ್ಯುತ್ತಮ ಆಟಗಾರನ ಮತದಾನದಲ್ಲಿ ಅವನಿಗೆ ಎಂಟನೇ ಸ್ಥಾನ ಕೊಟ್ಟರು. ಹನ್ನೊಂದು ವರ್ಷ ಕಾದು ಉತ್ತರ ಕೊಟ್ಟ. 1971ರಲ್ಲಿ ಎದುರಾಳಿ ಬಾಲ್ಟಿಮೋರ್, ಹಿಂದಿನ ವರ್ಷದ ಚಾಂಪಿಯನ್. ಒಂದೇ ತಂಡದಲ್ಲಿ ಇಪ್ಪತ್ತಿಪ್ಪತ್ತು ಪಂದ್ಯ ಗೆದ್ದ ನಾಲ್ವರು ಪಿಚರುಗಳು: ಪಾಮರ್, ಮ್ಯಾಕ್‌ನಾಲಿ, ಕ್ವೆಯಾರ್, ಡಾಬ್ಸನ್. ಮೊದಲ ಎರಡು ಪಂದ್ಯ ಪೈರೇಟ್ಸ್ ಸೋತರು. ಮೂವತ್ತೇಳು ವರ್ಷದ ಕ್ಲೆಮೆಂಟೆ ಏಳಕ್ಕೆ ಏಳೂ ಪಂದ್ಯಗಳಲ್ಲಿ ಹಿಟ್ ಹೊಡೆದ, ಸರಾಸರಿ .414. ಏಳನೇ ಪಂದ್ಯ 2-1. ಒಂದು ರನ್ ಅವನ ಹೋಮ್ ರನ್. ಸ್ಟೀವ್ ಬ್ಲಾಸ್ ಒಂಬತ್ತೂ ಇನಿಂಗ್ಸ್ ಎಸೆದ. ಇಲ್ಲಿ ಯಾರ ಗಂಟಲಿಗೂ ಚೆಂಡು ಬಡಿಯಲಿಲ್ಲ. ಆ ವರ್ಷದ ಅತಿ ಬಲಿಷ್ಠ ತಂಡವನ್ನು ನೇರ ಆಟದಲ್ಲೇ ಮಣಿಸಿದ್ದು. ಗೆದ್ದ ಮೇಲೆ ಟಿವಿ ಮೈಕಿನ ಮುಂದೆ ಕ್ಲೆಮೆಂಟೆ ಮೊದಲು ಸ್ಪ್ಯಾನಿಷಿನಲ್ಲಿ ತನ್ನ ತಂದೆ ತಾಯಿಯ ಆಶೀರ್ವಾದ ಬೇಡಿದ. ಮರುವರ್ಷ ಡಿಸೆಂಬರ್ 31ರ ರಾತ್ರಿ, ಭೂಕಂಪವಾದ ನಿಕರಾಗುವಾಕ್ಕೆ ಪರಿಹಾರ ಸಾಮಗ್ರಿ ಹೊತ್ತ ವಿಮಾನದಲ್ಲಿ ಹೊರಟವನು ಸಮುದ್ರ ಸೇರಿದ.

1979ರ ತಂಡದ ಪ್ರೀತಿ ನನಗೆ ಇವತ್ತಿಗೂ ಹಾಗೇ ಇದೆ. ಆದರೆ ಅದರ ಅಪ್ಪ ಸ್ಟಾರ್ಜೆಲ್ 1971ರಲ್ಲಿ ಮೂವತ್ತೊಂದರ ಹರೆಯದವನು, 48 ಹೋಮ್ ರನ್ ಹೊಡೆದವನು. 79ರ ಕುಟುಂಬ ಹುಟ್ಟಿದ ಮನೆ 71ರದೇ. ನನ್ನ ಓಟು 1971ಕ್ಕೆ.

ಅಜ್ಜಿ 1994ರಲ್ಲಿ ತೀರಿಕೊಂಡಳು, ಕೊನೆತನಕ 1960 ಎನ್ನುತ್ತಲೇ. ಅವಳ ಮಗಳು ಪುಸ್ತಕಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತಂದು ನನಗೆ ಕೊಟ್ಟಳು. ನಾನು ಹುಡುಕಿದ್ದು ಒಂದೇ ತಾರೀಕು, 1971ರ ಸೆಪ್ಟೆಂಬರ್ 1. ಆ ಸಂಜೆ ತ್ರೀ ರಿವರ್ಸ್ ಸ್ಟೇಡಿಯಮ್ಮಿನಲ್ಲಿ ಫಿಲಡೆಲ್ಫಿಯಾ ವಿರುದ್ಧ ಮ್ಯಾನೇಜರ್ ಡ್ಯಾನಿ ಮರ್ಟಾ ಇಳಿಸಿದ ಒಂಬತ್ತು ಜನರೂ ಕಪ್ಪು ವರ್ಣೀಯರು ಇಲ್ಲವೇ ಲ್ಯಾಟಿನ್ ಅಮೆರಿಕದವರು. ಮೇಜರ್ ಲೀಗಿನ ಇತಿಹಾಸದಲ್ಲಿ ಅದೇ ಮೊದಲು. ಇಳಿಸಿದ ಮರ್ಟಾ 1960ರ ಮ್ಯಾನೇಜರೂ ಹೌದು. ಯಾರೂ ಮೊದಲೇ ಸಾರಿರಲಿಲ್ಲ, ಆಡುತ್ತಿದ್ದವರಿಗೇ ಕೆಲವು ಇನಿಂಗ್ಸ್ ಕಳೆದ ಮೇಲೆ ಹೊಳೆಯಿತು. ನೋಡಲು ಬಂದಿದ್ದ ಜನ 11,278. ಊರಿನ ದಿನಪತ್ರಿಕೆಗಳು ಮುಷ್ಕರದಲ್ಲಿದ್ದುದರಿಂದ ಮರುದಿನ ಇಲ್ಲಿ ಅಚ್ಚಿನಲ್ಲಿ ಓದುವ ಹಾಗೂ ಇರಲಿಲ್ಲ.

ಪುಟ ಸಿಕ್ಕಿತು. ಸ್ಟೆನೆಟ್ 4, ಕ್ಲೈನ್ಸ್ 8, ಕ್ಲೆಮೆಂಟೆ 9, ಸ್ಟಾರ್ಜೆಲ್ 7, ಸ್ಯಾಂಗಿಯೆನ್ 2, ಕ್ಯಾಷ್ 5, ಆಲಿವರ್ 3, ಹೆರ್ನಾಂಡೆಸ್ 6, ಎಲ್ಲಿಸ್ 1. ಎರಡನೇ ಇನಿಂಗ್ಸಿನಲ್ಲೇ ಎಲ್ಲಿಸ್‌ನ ಹೆಸರಿಗೆ ಅಡ್ಡಗೆರೆ, ಕೆಳಗೆ ಬೇರೆ ಪಿಚರ್. ಅಡಿಯಲ್ಲಿ 10-7, ಅದರ ಸುತ್ತ ಗೆದ್ದ ದಿನ ಅವಳು ಯಾವಾಗಲೂ ಬರೆಯುತ್ತಿದ್ದ ದುಂಡನೆಯ ಗೆರೆ. ಬೇರೆ ಗುರುತು ಏನಾದರೂ ಹಾಕಿದ್ದಾಳೇನೋ ಎಂದು ಪುಟ ತಿರುವಿ ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಅದೇ ಪೆನ್ಸಿಲ್ಲಿನಲ್ಲಿ ಆಲೂಗೆಡ್ಡೆ, ಬಟ್ಟೆ ಸೋಪು, ರೇಡಿಯೋಗೆ ಬ್ಯಾಟರಿ ಎಂದು ಬರೆದಿತ್ತು.